ನಾಲ್ಕಕ್ಕೆ ಮುಳುಗುವ ಹೊತ್ತು

ಶೇಡಬಾಳದ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೊರಟಾಗ ಅಪ್ಪ ಹಾಕಿದ ಷರತ್ತು ಅದೊಂದೇ. ಒಪ್ಪಿಕೊಂಡು ಹೋದೆ.

ಅಲ್ಲಿ ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲಾಗುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಊಟ ಆರಕ್ಕೆ. ನಾನು ಮಧ್ಯಾಹ್ನದ ಬಿಡುವಿನಲ್ಲೇ ಕೋಣೆಗೆ ಓಡಿಬಂದು ಬ್ರೆಡ್ಡಿಗೆ ಮನೆಯ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಿದ್ದೆ; ಮರುದಿನ ಬೆಳಗಿನವರೆಗೆ ಅಷ್ಟೇ. ಸಹಪಾಠಿಗಳು ಊಟಕ್ಕೆ ಕರೆದೂ ಕರೆದೂ ಕೊನೆಗೆ ಕರೆಯುವುದನ್ನೇ ಬಿಟ್ಟರು.

ಡಿಸೆಂಬರಿನಲ್ಲಿ ಅವ್ವನಿಗೆ ಫೋನ್ ಮಾಡಿದೆ.

"ಇಲ್ಲಿ ನಾಕಕ್ಕ ಹೊತ್ತು ಮುಳಗತೈತಿ ಬೇ. ದಿನಾ ಹಸದ ಮಲಗಾಕತ್ತೇನಿ."

"ಹಂಗಾರ ಮೂರಕ್ಕ ಉಣ್ಣು."

"ಮೂರಕ್ಕ ಕ್ಲಾಸ್ ಇರತೈತಿ."

"ಅಷ್ಟ ದೂರ ಹೋಗಂತ ನಾವೇನ ನಿನ್ನ ಕಾಲ ಬಿದ್ದಿದ್ವೇನ?"

"ಅಣ್ಣ ಪುಣೆದಾಗ ರಾತ್ರಿ ಹತ್ತಕ್ಕ ಉಣತಾನ. ಅವನ್ನ ಒಮ್ಮೆರ ಕೇಳಿಯೇನ?"

"ಅವ ಗಂಡಸ. ನಾಳೆ ನಿನ್ನ ನೋಡಾಕ ಬಂದವರು ಮೊದಲ ಇದನ್ನ ಕೇಳತಾರ. ಏನ ಹೇಳೂಣು?"

ಫೋನ್ ಇಟ್ಟೆ. ಧರ್ಮವೆಂದುಕೊಂಡು ಹಸಿದಿದ್ದೆ. ಮನೆಯವರಿಗೆ ಅದು ನನ್ನ ಮದುವೆಯ ಮಾತುಕತೆಗೆ ಬೇಕಾದ ಒಂದು ಉತ್ತರ ಮಾತ್ರವಾಗಿತ್ತು.

ಆ ಸಂಜೆ ಊಟದ ಮನೆಗೆ ಹೋಗಿ, ಅನ್ನ, ಬಟಾಣಿ ಹಾಕಿಸಿಕೊಂಡು ಸಹಪಾಠಿಗಳ ಮೇಜಿನ ತುದಿಗೆ ಕುಳಿತೆ. ಅವರು ಮಾತು ನಿಲ್ಲಿಸಿ ಜಾಗ ಕೊಟ್ಟರು, ಉಪ್ಪು ಸರಿಸಿದರು, ಮತ್ತೆ ತಮ್ಮ ಮಾತಿಗೆ ಮರಳಿದರು. ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಅವರು ನಗುತ್ತಿದ್ದುದೆಲ್ಲ ನಾನಿಲ್ಲದ ಊಟಗಳಲ್ಲಿ ಹುಟ್ಟಿದ ಮಾತುಗಳಿಗೆ. ಅವುಗಳನ್ನು ನನಗೆ ವಿವರಿಸುವಷ್ಟು ನನ್ನ ಪರಿಚಯ ಅವರಲ್ಲಿ ಒಬ್ಬರಿಗೂ ಇರಲಿಲ್ಲ.