ಟಾರ್ಚಮ್ಮನ ತಲೆ ಎಣಿಕೆ

ಇಪ್ಪತ್ತೆರಡು ವರ್ಷ ಒಂದೇ ಚಿತ್ರಮಂದಿರದ ಕತ್ತಲಲ್ಲಿ ಜನರಿಗೆ ಸೀಟು ತೋರಿಸಿದವಳನ್ನು ಬೀದಿಯವರು ಟಾರ್ಚಮ್ಮ ಎನ್ನದೆ ಇನ್ನೇನು ಅಂದಾರು? ಚಿತ್ರಮಂದಿರ ಮುಚ್ಚಿ ಮೂರು ವರ್ಷವಾಗಿದೆ. ಈಗ ಅವಳು ದೊಡ್ಡ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ನಿಂತು ಗಿರಾಕಿಗಳ ಚೀಲ ಇಸಿದುಕೊಂಡು ಟೋಕನ್ ಕೊಡುತ್ತಾಳೆ. ಆದರೂ ಹೆಸರು ಹೋಗಲಿಲ್ಲ, ಟಾರ್ಚೂ ಹೋಗಲಿಲ್ಲ. ಟಾರ್ಚು ಅವಳ ಕೈಚೀಲದಲ್ಲಿ ಬಾಚಣಿಗೆಯ ಪಕ್ಕದಲ್ಲೇ ಇರುತ್ತದೆ.

ಅವಳು ಹೀಗೆ ಸದಾ ಎಚ್ಚರದವಳಾಗಿದ್ದಕ್ಕೆ ಒಂದು ಮಧ್ಯಾಹ್ನದ ಆಟ ಕಾರಣ. ಪ್ರೊಜೆಕ್ಟರ್ ಕೋಣೆಯಲ್ಲಿ ಹೊಗೆ ಎದ್ದು, ಕರೆಂಟು ಹೋಗಿ, ಯಾರೋ "ಬೆಂಕಿ" ಎಂದು ಕೂಗಿದರು. ಟಾರ್ಚಮ್ಮ ಪಕ್ಕದ ಬಾಗಿಲು ತೆರೆದು ನಿಂತು ಟಾರ್ಚು ಬೀಸಿದಳು, ಗಂಟಲು ಹರಿಯುವಂತೆ ಕಿರುಚಿದಳು. ಬೆಳಕು ಬರುತ್ತಿದ್ದ ಆ ಬಾಗಿಲನ್ನು ಬಿಟ್ಟು ನಾನೂರು ಜನರೂ ತಾವು ಒಳಗೆ ಬಂದ ಬಾಗಿಲಿಗೇ ಮುಗಿಬಿದ್ದರು. ಬೆಂಕಿ ಹತ್ತಲಿಲ್ಲ, ಜೀವ ಹೋಗಲಿಲ್ಲ, ಒಬ್ಬ ಹೆಂಗಸಿನ ಕೈ ಮಾತ್ರ ಮುರಿಯಿತು. ಅಂದಿನಿಂದ ಟಾರ್ಚಮ್ಮನ ಬಾಯಲ್ಲಿ ಒಂದೇ ಮಾತು: "ಹೆದರಿದ ಮನುಷ್ಯ ಯೋಚನೆ ಮಾಡಲ್ಲ. ಕಾಲಿಗೆ ಏನು ಅಭ್ಯಾಸವೋ ಅದನ್ನೇ ಮಾಡ್ತಾನೆ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಅವಳೇ ಮರೆತಳು.

ಮನೆಯಲ್ಲಿ ನಾಲ್ಕು ಜನ. ಗಂಡ ದರ್ಜಿ, ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಮೆಷಿನ್ನು, ಇಸ್ತ್ರಿ ಪೆಟ್ಟಿಗೆ, ಕಾಲಿಟ್ಟಲ್ಲೆಲ್ಲ ತುಂಡು ಬಟ್ಟೆ. ಮಗಳು ಒಂಬತ್ತನೇ ತರಗತಿ. ಯಾವ ಮಾತಿಗೂ ಮೊದಲು "ಅಯ್ಯೋ ಅಮ್ಮಾ" ಅನ್ನುವ ವಯಸ್ಸು. ಇನ್ನು ಗಂಡನ ತಾಯಿ, ಅಂದರೆ ಟಾರ್ಚಮ್ಮನ ಅತ್ತೆ. ಅವರ ಮಂಡಿ ಎರಡೂ ಕೈಕೊಟ್ಟಿವೆ, ನಾಲಿಗೆ ಮಾತ್ರ ಇನ್ನೂ ಹದಿನೆಂಟರ ಪ್ರಾಯದಲ್ಲಿದೆ. ಮನೆಗೆ ತಗಡಿನ ಸೂರು. ಅಂಗಳ ದಾಟಿ ಇಪ್ಪತ್ತು ಹೆಜ್ಜೆ ಹೋದರೆ ಮನೆ ಮಾಲೀಕರ ಮೂರಂತಸ್ತಿನ ಕಾಂಕ್ರೀಟು ಕಟ್ಟಡ. ಗಾಳಿ ಜೋರಾದರೆ ಆ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗಕ್ಕೆ ಹೋಗಿ ಕೂರುವುದೆಂದು ಟಾರ್ಚಮ್ಮ ಮಾಲೀಕರ ಹತ್ತಿರ ಮೊದಲೇ ಮಾತಾಡಿ ಇಟ್ಟಿದ್ದಳು.

ಮನೆಯೊಳಗೂ ಅವಳ ಕಣ್ಣು ಬೀಳದ ಮೂಲೆ ಇರಲಿಲ್ಲ. ಗಂಡ ಫಿನಾಯಿಲನ್ನು ಖಾಲಿ ಜ್ಯೂಸ್ ಬಾಟಲಿಗೆ ಸುರಿದಿಟ್ಟ ದಿನ ಮನೆಯಲ್ಲಿ ಸಣ್ಣ ಯುದ್ಧವೇ ಆಯಿತು. "ಬಾಯಾರಿದವರು ಬಾಟಲಿ ನೋಡ್ತಾರೆ ಹೊರತು ಮೂಸಿ ನೋಡ್ತಾರೇನ್ರೀ?" ಎಂದು ಅವಳು ಕೇಳಿದ್ದಕ್ಕೆ ದರ್ಜಿ ಫಿನಾಯಿಲನ್ನು ಅದರ ಹಳೇ ಡಬ್ಬಕ್ಕೇ ವಾಪಸ್ಸು ಸುರಿದ. ಸಿಪ್ಪೆ ಎದ್ದ ಇಸ್ತ್ರಿ ವೈರು ಹೋಗಿ ಹೊಸದು ಬಂತು. ಬೆಂಕಿಪೊಟ್ಟಣ ಒಲೆಯ ಹತ್ತಿರದಿಂದ ಮೇಲಿನ ಗೂಡಿಗೆ ಹೋಯಿತು. ಸೂರಿನ ತಗಡುಗಳ ಬೋಲ್ಟನ್ನು ವರ್ಷಕ್ಕೊಮ್ಮೆ ಬಿಗಿ ಮಾಡಿಸುತ್ತಿದ್ದಳು. "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋ ಪೈಕಿ ಅಲ್ಲ ನಾನು" ಎಂದು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು.

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಗಾಳಿ ಬಂದರೆ ಮನೆ ಬಿಟ್ಟು ಹೊರಡುವ ಅಭ್ಯಾಸ. ಬಾಗಿಲ ಹಿಂದೆ ಅವಳೇ ಬರೆದು ಅಂಟಿಸಿದ ಚೀಟಿ ಇತ್ತು. ಮಗಳು: ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ ಟಾರ್ಚ್ ತೆಗೆದುಕೊಳ್ಳಬೇಕು. ಅಪ್ಪ: ಮೇನ್ ಸ್ವಿಚ್ ಇಳಿಸಿ ಕಾಗದಪತ್ರದ ಡಬ್ಬ ತರಬೇಕು. ಅಮ್ಮ: ಕಿಟಕಿ ಚಿಲಕ, ನೀರಿನ ಕ್ಯಾನು, ಔಷಧಿ ಚೀಲ. ಆ ಚೀಲದಲ್ಲಿ ಅತ್ತೆಯ ಬಿಪಿ ಮಾತ್ರೆ, ಅತ್ತೆಯ ಇನ್ನೊಂದು ಜೊತೆ ಕನ್ನಡಕ, ಅತ್ತೆಯ ಮಂಡಿಗೆ ಹಚ್ಚುವ ಎಣ್ಣೆ ಎಲ್ಲ ಇದ್ದವು.

ಅತ್ತೆ ಮಾತ್ರ ಮೊದಲನೇ ಭಾನುವಾರವೇ ಕೈ ಎತ್ತಿಬಿಟ್ಟಿದ್ದರು. "ನಿಮ್ಮ ಓಟದ ಪಂದ್ಯಕ್ಕೆಲ್ಲ ನನ್ನ ಮಂಡಿ ಬರಲ್ಲಮ್ಮ. ನಾನಿಲ್ಲೇ ಕೂತು ನೋಡ್ತೀನಿ." ದರ್ಜಿ, "ಅಮ್ಮ ಕೂತಿರಲಿ ಬಿಡೇ. ನಿಜವಾಗ್ಲೂ ಗಾಳಿ ಬಂದ ದಿನ ನಾನೇ ಎತ್ಕೊಂಡು ಹೋಗ್ತೀನಿ" ಎಂದ. ಟಾರ್ಚಮ್ಮನಿಗೂ ಸರಿ ಅನ್ನಿಸಿತು. ಸುಮ್ಮನೆ ಕೂತವರಿಗೆ ಬೇಜಾರಾಗಬಾರದೆಂದು, ಕರೆಂಟು ಇಲ್ಲದಾಗ ಚಿತ್ರಮಂದಿರದಲ್ಲಿ ಬಾರಿಸುತ್ತಿದ್ದ ಹಿತ್ತಾಳೆಯ ಕೈಗಂಟೆಯನ್ನು ಅವರ ಕೈಗೆ ಕೊಟ್ಟಳು. ಅತ್ತೆ ಕುರ್ಚಿಯಲ್ಲಿ ಕೂತು ಗೋಡೆ ಗಡಿಯಾರ ನೋಡುತ್ತಿದ್ದರು. ಕೊನೆಯವರು ಹೊಸ್ತಿಲು ದಾಟಿ ಮೆಟ್ಟಿಲ ಕೆಳಗೆ ಸೇರಿದ್ದು ಬಾಗಿಲಿನಿಂದ ಕಂಡ ಕೂಡಲೇ ಗಂಟೆ ಬಾರಿಸುತ್ತಿದ್ದರು. ಅಲ್ಲಿ ಟಾರ್ಚಮ್ಮ ತಲೆ ಎಣಿಸುತ್ತಿದ್ದಳು: ಒಂದು, ಎರಡು, ಮೂರು. ವಾಪಸು ಬಂದಾಗ ಅತ್ತೆಯ ತೀರ್ಪು ಕಾದಿರುತ್ತಿತ್ತು.

"ಮೂರು ನಿಮಿಷ ನಲವತ್ತು ಸೆಕೆಂಡು. ಅಷ್ಟರಲ್ಲಿ ಗಾಳಿ ಬಂದು, ಟೀ ಕುಡಿದು, ವಾಪಸ್ಸೂ ಹೋಗಿರುತ್ತೆ."

"ಗಾಳಿನ ಗುದ್ದಿ ಮೈ ನೋಯಿಸ್ಕೊಳ್ಳೋದು ಅಂದ್ರೆ ಇದೇ" ಎಂದು ದರ್ಜಿ ಗೊಣಗುತ್ತಾ ಡಬ್ಬ ಒಳಗಿಡುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು. ಭಾನುವಾರಗಳಲ್ಲಿ ಅವರು ನಗುತ್ತಲೇ ಪಳಗಿದರು.

ಗಾಳಿ ಬಂದದ್ದು ರಜೆಯ ದಿನ. ಸಂಜೆ ಆರರ ಹೊತ್ತಿಗೆ ಬಿರುಗಾಳಿ ಎಂದು ಹಿಂದಿನ ದಿನದಿಂದಲೇ ಫೋನಿಗೆ ಸಂದೇಶ ಬರುತ್ತಿತ್ತು. ನಾಲ್ಕಕ್ಕೆ ನಿಧಾನವಾಗಿ ಹೊರಟರಾಯಿತು ಎಂದು ಟಾರ್ಚಮ್ಮ ಎಲ್ಲ ಸಿದ್ಧಮಾಡಿ ಇಟ್ಟಿದ್ದಳು. ಗಾಳಿಗೆ ಗಡಿಯಾರ ಓದಲು ಬರುತ್ತದೆಯೇ? ಮೂರೂಕಾಲಿಗೆ ಆಕಾಶ ಕಪ್ಪಾಯಿತು. ಅಂಗಳದ ಬಕೆಟ್ಟು ತಾನೇ ತಾನಾಗಿ ಉರುಳಿಕೊಂಡು ಗೇಟಿಗೆ ಬಡಿಯಿತು. ತಲೆಯ ಮೇಲೆ ತಗಡು ಒಮ್ಮೆ ಎದ್ದು ಕೂತ ಸದ್ದಾಯಿತು.

"ಹೊರಡಿ!" ಎಂದಳು ಟಾರ್ಚಮ್ಮ.

ಯಾರೂ ಕೂಗಾಡಲಿಲ್ಲ, ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ಮಗಳ ಕೈ ರೆಗ್ಯುಲೇಟರಿಗೆ ಹೋಯಿತು. ಮೇನ್ ಸ್ವಿಚ್ ಟಕ್ಕೆಂದಿತು, ಡಬ್ಬ ದರ್ಜಿಯ ಕಂಕುಳಿಗೆ ಬಂತು. ಟಾರ್ಚಮ್ಮ ಕಿಟಕಿಗಳಿಗೆ ಚಿಲಕ ಹಾಕಿ, ಕ್ಯಾನು ಒಂದು ಕೈಗೆ, ಚೀಲ ಇನ್ನೊಂದು ಕೈಗೆ ತೆಗೆದುಕೊಂಡು ಕೊನೆಯವಳಾಗಿ ಹೊಸ್ತಿಲು ದಾಟಿದಳು. ಎದುರು ಗಾಳಿಗೆ ತಲೆ ಬಗ್ಗಿಸಿ ಇಪ್ಪತ್ತು ಹೆಜ್ಜೆ ನಡೆದು ಮೆಟ್ಟಿಲ ಕೆಳಗೆ ನುಗ್ಗಿದಳು. ಒಂದು, ಎರಡು, ಮೂರು. ಸರಿಯಾಗಿದೆ. ಅವಳಿಗೆ ಎಂಥ ಸಮಾಧಾನವಾಯಿತೆಂದರೆ, ಆ ಗಾಳಿಯಲ್ಲೂ ಮಗಳ ಬೆನ್ನು ತಟ್ಟಿದಳು.

ಆಗ ಮನೆಯೊಳಗಿಂದ ಗಂಟೆಯ ಸದ್ದು ಬಂತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ದರ್ಜಿ ತನ್ನ ಕಂಕುಳಲ್ಲಿದ್ದ ಡಬ್ಬವನ್ನು, ಅದನ್ನು ಅಲ್ಲಿಟ್ಟವರು ಯಾರು ಎನ್ನುವಂತೆ ನೋಡಿದ. ಟಾರ್ಚಮ್ಮ ಕ್ಯಾನನ್ನೂ ಚೀಲವನ್ನೂ ಕೆಳಗೆ ಹಾಕಿದಳು. ಮಗಳಿಗೆ "ಅಲ್ಲಾಡಬೇಡ" ಎಂದಷ್ಟೇ ಹೇಳಿ ಓಡಿದಳು, ಹಿಂದೆಯೇ ದರ್ಜಿ.

ಅತ್ತೆ ಕುರ್ಚಿಯಲ್ಲೇ ಇದ್ದರು. ಸೆರಗು ಬಿಗಿಯಾಗಿ ಹೊದ್ದು, ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು, ಭಾನುವಾರ ಕೂರುವ ಹಾಗೆಯೇ ಕೂತಿದ್ದರು. ಮೂಲೆಯ ತಗಡು ಆಗಲೇ ಪಟಪಟ ಬಡಿದುಕೊಳ್ಳುತ್ತಿತ್ತು. "ಯಾಕೆ ವಾಪಸ್ ಬಂದ್ರಿ?" ಎಂದು ಗದರಿದರು. ಗಂಡ ಹೆಂಡತಿ ಕುರ್ಚಿಯ ಎರಡು ಕಡೆ ಹಿಡಿದು, ಕುರ್ಚಿ ಸಮೇತ ಎತ್ತಿದರು. ಬಾಗಿಲಲ್ಲಿ ಕುರ್ಚಿಯ ಕಾಲು ಸಿಕ್ಕಿಹಾಕಿಕೊಂಡಿತು. ಓರೆ ಮಾಡಿದರು, ಬಿಡಲಿಲ್ಲ. ಹಿಂದಕ್ಕೆ ಎಳೆದು ಇನ್ನೊಂದು ಮಗ್ಗುಲು ತಿರುಗಿಸಿದ ಮೇಲೆ ಬಿಟ್ಟಿತು. ಅವರು ಅಂಗಳದ ನಡುವೆ ಇರುವಾಗ ಹಿಂದೆ ತಗಡು ಕಿತ್ತುಹೋದ ಸದ್ದು ಕೇಳಿತು. ತಿರುಗಿ ನೋಡಲಿಲ್ಲ.

ಮೆಟ್ಟಿಲ ಕೆಳಗೆ ಬಂದು ಕುರ್ಚಿ ಇಳಿಸಿದರು. ಮೊದಲು ಮಾತಾಡಿದ್ದು ಅತ್ತೆ.

"ಎರಡು ನಿಮಿಷ ಹತ್ತು ಸೆಕೆಂಡು. ಇಷ್ಟು ಬೇಗ ನೀವು ಯಾವತ್ತೂ ಹೋಗಿರ್ಲಿಲ್ಲ."

ಮಗಳು ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ದರ್ಜಿ ಗೋಡೆ ಕಡೆ ತಿರುಗಿ ನಿಂತ. ಟಾರ್ಚಮ್ಮ ಅತ್ತೆಯ ಕಾಲ ಬಳಿ ಕುಕ್ಕರಿಸಿದಳು.

"ಕೂಗೋದಲ್ವಾ ಅತ್ತೆ? ನಾವು ಬಿಟ್ಟು ಹೋಗ್ತಾ ಇರೋದು ನಿಮ್ಮ ಕಣ್ಣೆದುರಿಗೇ ಕಾಣ್ತಿತ್ತಲ್ಲ?"

"ಕೂಗೋಕೇನು," ಎಂದರು ಅತ್ತೆ. "ಚೀಟೀಲಿ ನನ್ನ ಹೆಸರಿಲ್ಲ ಅಂತ ಮೊದಲನೇ ದಿನವೇ ಓದಿದ್ದೆ. ವಯಸ್ಸಾದವಳು, ನನ್ನನ್ನ ಹೊರೋಕೆ ಹೋಗಿ ಮಗೂನ ಕರ್ಕೊಂಡು ಹೋಗೋದು ತಡ ಆಗ್ಬಾರ್ದು ಅಂತ ನೀನು ಲೆಕ್ಕ ಹಾಕಿರ್ಬೇಕು ಅನ್ಕೊಂಡೆ. ತಪ್ಪೇನಿಲ್ಲ, ಸರಿಯಾದ ಲೆಕ್ಕವೇ ಅನ್ನಿಸ್ತು. ಗಂಟೆ ಬಾರಿಸೋದು ನನ್ನ ಕೆಲಸ, ಬಾರಿಸಿದೆ."

ಎರಡು ವರ್ಷ. ಪ್ರತಿ ತಿಂಗಳೂ ಈ ಮುದುಕಿ ತನ್ನನ್ನು ಬಿಟ್ಟು ಹೋಗುವ ಅಭ್ಯಾಸ ಮಾಡುವವರನ್ನು ನೋಡುತ್ತಾ, ಸಮಯ ಹೇಳುತ್ತಾ, ತಮಾಷೆ ಮಾಡುತ್ತಾ ಕೂತಿದ್ದರು. ಸಾವಿರಾರು ಅಪರಿಚಿತರಿಗೆ ಕತ್ತಲಲ್ಲಿ ದಾರಿ ತೋರಿಸಿದವಳ ಮನೆಯಲ್ಲೇ ದೀಪದ ಬುಡದ ಕತ್ತಲು. "ಲೆಕ್ಕ ಅಲ್ಲ ಅತ್ತೆ, ಮರೆವು. ದೇವರಾಣೆ ಮರೆವು" ಎಂದು ಅವರ ಎರಡೂ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ಅತ್ತುಬಿಟ್ಟಳು.

"ಮರೆವಾ?" ಎಂದರು ಅತ್ತೆ. ಅವಳ ಮುಖವನ್ನು ಒಂದು ಗಳಿಗೆ ನೋಡಿದರು. "ಹಾಗಾದ್ರೆ ಬಡ್ಕೊಂಡು ಬಾರಿಸ್ಬೇಕಿತ್ತು ನಾನು" ಎಂದರು.

ಗಾಳಿ ಒಂದು ಗಂಟೆಯಲ್ಲಿ ತಣ್ಣಗಾಯಿತು. ಮುಂದಿನ ಕೋಣೆಯ ಮೂರು ತಗಡು ಹೋಗಿದ್ದವು. ಕುರ್ಚಿ ಇರುತ್ತಿದ್ದ ಜಾಗದಲ್ಲಿ ಸೂರಿನ ಮರದ ಪಟ್ಟಿಯೊಂದು ಬಿದ್ದಿತ್ತು. ದರ್ಜಿ ಅದನ್ನು ಎತ್ತಿ ಹಿತ್ತಲಿಗೆ ಹಾಕಿ ಬಂದ.

ಮುಂದಿನ ತಿಂಗಳ ಮೊದಲ ಭಾನುವಾರ ಬಾಗಿಲ ಹಿಂದೆ ಹೊಸ ಚೀಟಿ ಇತ್ತು. ಮೊದಲ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ: ಅತ್ತೆ. ಅಪ್ಪ ಅಮ್ಮ ಇಬ್ಬರೂ ಎತ್ತಬೇಕು. ಡಬ್ಬ ಕೊನೆಯ ಸಾಲಿಗೆ ಹೋಗಿತ್ತು, ಅದರ ಮುಂದೆ "ಕೈ ಖಾಲಿ ಇದ್ದರೆ" ಎಂದು ಬರೆದಿತ್ತು. ದರ್ಜಿ ಕುರ್ಚಿಯ ಕಾಲನ್ನು ಎರಡು ಬೆರಳಷ್ಟು ಕೊಯ್ದು, ಹಿಡಿಯಲು ಅನುಕೂಲವಾಗುವಂತೆ ಎರಡೂ ಕಡೆ ದಪ್ಪ ಬಟ್ಟೆಯ ಪಟ್ಟಿ ಹೊಲಿದಿದ್ದ.

"ಮೆಲ್ಲಗೆ, ಮೆಲ್ಲಗೆ! ನಾನೇನು ಗೋಣಿಚೀಲವಾ?" ಎಂದು ಅತ್ತೆ ದಾರಿಯುದ್ದಕ್ಕೂ ಬೈದರು. ಗೋಡೆ ಗಡಿಯಾರವನ್ನು ಕೆಳಗಿಳಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದರು, ಅದರ ಮೇಲೆ ಗಂಟೆ. ಮೆಟ್ಟಿಲ ಕೆಳಗೆ ಕುರ್ಚಿ ಇಳಿಸಿದಾಗ ಗಡಿಯಾರ ನೋಡಿ ಮುಖ ಸಿಂಡರಿಸಿದರು. "ಐದು ನಿಮಿಷ. ನಾಚಿಕೆ ಆಗ್ಬೇಕು ನಿಮಗೆ."

ಯಾರಿಗೂ ನಾಚಿಕೆಯಾಗಲಿಲ್ಲ. ಟಾರ್ಚಮ್ಮ ಸೊಂಟ ಹಿಡಿದುಕೊಂಡು, ಉಸಿರು ಬಿಡುತ್ತಾ ಎಣಿಸತೊಡಗಿದಳು. "ಒಂದು, ಎರಡು, ಮೂರು..."

"ನಾಲ್ಕು" ಎಂದು ಅತ್ತೆ ತಾವೇ ಹೇಳಿ, ಗಂಟೆ ಬಾರಿಸಿದರು.