ಕಟ್ಟು ಬಿಚ್ಚುವ ಮನೆಯ ರೂಲು

ಮಕ್ಕಳೇ, ಇಶಾ, ನೀಲ್, ಐರ್ಲೆಂಡಿನ ಟಾಲಾ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮೈಸೂರಿನ ಅಕೌಂಟೆಂಟಮ್ಮ ಒಬ್ಬರಿದ್ದರು. ಹಳೆ ಸೀರೆಗಳಿಂದ ನಾನು ಹೊಲಿದ ಕೌದಿಯನ್ನು ಅಮೆರಿಕದವರೊಬ್ಬರು ಕೊಳ್ಳಲು ಕೇಳಿದಾಗ, ಅಲ್ಲಿಯ ತೆರಿಗೆಗೆ ಹೆದರಿ ಕಳಿಸುವುದಿಲ್ಲ ಎಂದಿದ್ದೆ. ಅಕೌಂಟೆಂಟಮ್ಮ ಕನ್ನಡಕವನ್ನು ಹಣೆಗೇರಿಸಿ, ಕೊಳ್ಳುವವರಿದ್ದ ರಾಜ್ಯದ ತೆರಿಗೆ ನಿಯಮ ಹುಡುಕಿದರು.

"ಕಟ್ಟು ಎಲ್ಲಿ ಬಿಚ್ತಾರೋ ಅಲ್ಲಿಯ ರೂಲು, ಅಮ್ಮ. ಇಷ್ಟು ಸಣ್ಣ ವ್ಯಾಪಾರಕ್ಕೆ ಅವರು ನಿಮ್ಮ ಹತ್ರ ತೆರಿಗೆ ಕೇಳಲ್ಲ. ಗ್ರ್ಯಾಂಡ್, ಕಳಿಸಿ!" ಎಂದರು; 'ಏನೂ ತೊಂದರೆಯಿಲ್ಲ' ಅನ್ನುವುದಕ್ಕೆ ಐರಿಶರ ಮಾತು ಅದು.

ಪ್ರತಿ ಕೌದಿಗೂ ಬೇರೆ ರಾಜ್ಯ, ಮತ್ತೆ ಅದೇ ಹುಡುಕಾಟ, ಅದೇ ಮಾತು.

ಕೊನೆಗೆ ಅವರಿಗೆಂದೇ ಒಂದು ಹೊಲಿದು ಕಟ್ಟು ಕಟ್ಟಿದೆ. ಈ ಊರಲ್ಲಿ ಯಾರ ಹೊಸ್ತಿಲೂ ದಾಟದ ನಾನು ಬಾಗಿಲಲ್ಲೇ ಕೊಟ್ಟು ತಿರುಗಿದೆ. ಅವರು ಕೈ ಹಿಡಿದುಕೊಂಡರು.

"ಇದನ್ನ ಬಿಚ್ಚೋದು ನಮ್ಮನೇಲಿ, ರೂಲು ನಮ್ಮದು. ಒಳಗೆ ಬಂದು ಕಾಫಿ ಕುಡೀಬೇಕು."

ನಾಚುತ್ತಲೇ ಎರಡು ಲೋಟ ಕುಡಿದೆ.

ನಿಮಗೆಂದು ಬರೆದು ಕಟ್ಟಿಟ್ಟ ಈ ಹಾಳೆಗಳನ್ನು ಜೋಪಾನ ಮಾಡಿ. ಈ ಕಟ್ಟು ಬಿಚ್ಚುವಾಗ ಯಾರನ್ನಾದರೂ ಒಳಗೆ ಕರೆಯಿರಿ.