ಎಮ್ಮೆ ಪಾಸು ಮಾಡಬೇಕು

ಕಾಕಾನ ಎಡಗಿವಿಯ ಮೇಲೆ ಯಾವಾಗಲೂ ಸೈಕಲ್ಲಿನ ಒಂದು ಸ್ಪೋಕು ಸಿಕ್ಕಿಸಿಕೊಂಡಿರುತ್ತಿತ್ತು. ತುದಿಯನ್ನು ಕೊಕ್ಕೆಯಂತೆ ಬಾಗಿಸಿದ ತಂತಿ. ಬಡಗಿ ಪೆನ್ಸಿಲ್ ಇಟ್ಟುಕೊಳ್ಳುವ ಹಾಗೆ ಅದನ್ನು ವರ್ಷಗಟ್ಟಲೆ ಇಟ್ಟುಕೊಂಡು ಆ ಕಿವಿ ಬಲಗಿವಿಗಿಂತ ಕೊಂಚ ಮುಂದಕ್ಕೆ ಬಾಗಿತ್ತು. ಹಣೆಯ ವಿಭೂತಿಯ ಮೇಲೆ ಸದಾ ಎಣ್ಣೆಗೈಯ ಕರಿ ಗುರುತು. ನೋಡಲು ಹೇಳಿಕೊಳ್ಳುವಂಥ ಆಳೇನಲ್ಲ. ಆದರೂ ಆ ಕಿವಿ ಕಂಡರೆ ಸಾಕು, ನನಗೆ ಹೊಟ್ಟೆ ಉರಿಯುತ್ತಿತ್ತು. ಅವನು ತೀರಿಕೊಂಡು ಈಗ ಒಂದು ಮಳೆಗಾಲ ಕಳೆದಿದೆ. ಉರಿ ಪೂರ್ತಿ ಆರಿದೆ ಎಂದರೆ ಸುಳ್ಳಾಗುತ್ತದೆ.

ಗೋಕಾಕದಿಂದ ಅರಭಾವಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಬೈಕ್ ಗ್ಯಾರೇಜು. ರಸ್ತೆಯ ಆಚೆ, ಸರಿಯಾಗಿ ನನ್ನ ಮುಖಕ್ಕೆ ಮುಖ ಕೊಟ್ಟು, ಊರೆಲ್ಲ ಕಾಕಾ ಎಂದು ಕರೆಯುತ್ತಿದ್ದ ಅವನ ಗ್ಯಾರೇಜು. ನನ್ನಲ್ಲಿ ಬಣ್ಣದ ಬೋರ್ಡು, ಗಾಜಿನ ಕಪಾಟು, ಕಪಾಟಿನಲ್ಲಿ ಮಿರಿಮಿರಿ ಮಿಂಚುವ ಹೊಸ ಸೈಲೆನ್ಸರುಗಳು. ಒಮ್ಮೆ ಎಕ್ಸಲೇಟರ್ ತಿರುಗಿಸಿದರೆ ಅರಭಾವಿಯ ಕಾಲೇಜಿನವರೆಗೆ ಕೇಳಬೇಕು, ಅಂಥವು. ಅವನಲ್ಲಿ ತಗಡಿನ ಚಪ್ಪರ, ಒಂದು ಬೇವಿನ ಮರ, ಮರಕ್ಕೆ ಕಟ್ಟಿದ ಒಂದು ಎಮ್ಮೆ. ಹರೆಯದವರು ನನ್ನಲ್ಲಿಗೆ ಬಂದು ಸದ್ದು ಹಾಕಿಸಿಕೊಂಡು ಹೋಗುತ್ತಿದ್ದರು. ಮದುವೆ ಗೊತ್ತಾದ ಮೇಲೋ, ಓಣಿಯವರು ಜಗಳ ತೆಗೆದ ಮೇಲೋ, ಪೊಲೀಸರು ನಿಲ್ಲಿಸಿ ಬೈದ ಮೇಲೋ ಅವರೇ ರಸ್ತೆಯ ಆಚೆ ಗಾಡಿ ನಿಲ್ಲಿಸಿ ಆ ಸದ್ದು ತೆಗೆಸಿಕೊಳ್ಳುತ್ತಿದ್ದರು. ಹಾಕಿದವನು ನಾನು, ತೆಗೆದವನು ಅವನು. ಊರೆಲ್ಲ ಹೊಗಳುವುದು ಮಾತ್ರ ತೆಗೆದವನನ್ನು.

ಅವನು ಕೆಲಸ ಮಾಡುವ ರೀತಿ ನೋಡಬೇಕಿತ್ತು. ಗಾಡಿ ಬಂದ ಕೂಡಲೇ ನಟ್ಟು ಬಿಚ್ಚಲು ಪಾನಾ ಹಿಡಿಯುವ ಮನುಷ್ಯನಲ್ಲ. ಬಂದವನನ್ನು ಬೇವಿನ ಕೆಳಗೆ ಕಲ್ಲಿನ ಮೇಲೆ ಕೂರಿಸಿ, "ಶರಣ್ರಿ, ಗಾಡಿ ಚಾಲೂ ಮಾಡ್ರಿ," ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದ. ಗಾಡಿ ಆರಿದ ಮೇಲೆ ಕಿವಿಯ ಸ್ಪೋಕು ಇಳಿಸಿ, ಸೈಲೆನ್ಸರಿನ ಬಾಯೊಳಗೆ ತೂರಿಸಿ ಕೆದಕಿ, ಸದ್ದು ಹೀರಲೆಂದು ಒಳಗೆ ತುಂಬಿರುವ, ಈಗ ಸುಟ್ಟು ಕರಕಲಾದ ಗಾಜಿನ ಹತ್ತಿಯ ಎಳೆಯೊಂದನ್ನು ಎಳೆದು ಗಾಡಿಯವನ ಮೂಗಿನ ಮುಂದೆ ಹಿಡಿಯುತ್ತಿದ್ದ.

"ನೋಡ್ರಿ, ಒಳಗ ಹೊಟ್ಟಿ ಖಾಲಿ ಆಗೇತಿ. ಖಾಲಿ ಹೊಟ್ಟಿಯಾಂವ ಒದರದ ಏನ್ ಮಾಡ್ತಾನ?"

ಆಮೇಲೆ ರಿವೆಟ್ಟು ಬಿಚ್ಚಿ, ಒಳಗಿನ ತೂತು ತೂತಿನ ಕೊಳವೆಯನ್ನು ಹೊರಗೆ ತೆಗೆದು, ಮೊದಲು ಪಾತ್ರೆ ತಿಕ್ಕುವ ಸ್ಟೀಲ್ ತಂತಿಯನ್ನು ಸುತ್ತುವುದು, ಅದರ ಮೇಲೆ ಹೊಸ ಗಾಜಿನ ಹತ್ತಿ ಸುತ್ತುವುದು, ಬಾಯಿಗೆ ಸಣ್ಣ ತೂತಿನ ಬಿಲ್ಲೆ ಕೂರಿಸುವುದು. ಹತ್ತಿ ಕಡಿಮೆಯಾದರೆ ಸದ್ದು ಇಳಿಯದು. ಗಿಡಿದು ತುಂಬಿದರೆ ಗುಡ್ಡದ ಏರಿನಲ್ಲಿ ಗಾಡಿಗೆ ಉಸಿರು ಕಟ್ಟುತ್ತದೆ. "ಗಾಡಿಗೆ ಮಾತಾಡಾಕ ಬಿಡಬೇಕು, ಒದರಾಕ ಬಿಡಬಾರದು," ಎಂದು ಬಂದವರಿಗೆಲ್ಲ ಮಠದ ಸ್ವಾಮಿಗಳ ಗತ್ತಿನಲ್ಲಿ ಹೇಳುತ್ತಿದ್ದ. ವಿನಯ ಎನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ. "ಬೆಳಗಾವಿ ತನಕ ಹುಡುಕ್ಯಾಡ್ರಿ, ಈ ಕೆಲಸ ಮಾಡಾಂವ ಸಿಕ್ರ ನಾ ಅಂಗಡಿ ಮುಚ್ಚತೇನಿ," ಎನ್ನುತ್ತಿದ್ದ. ಸಿಕ್ಕಲಿ ದೇವರೇ ಎಂದು ನಾನು ಈಚೆ ಬದಿ ಕೂತು ಬೇಡಿಕೊಳ್ಳುತ್ತಿದ್ದೆ.

ಕೊನೆಯ ಪರೀಕ್ಷೆ ಎಮ್ಮೆಯದು. ಕೆಲಸ ಮುಗಿದ ಗಾಡಿಯನ್ನು ಎಮ್ಮೆಯ ಹಿಂದೆ ನಿಲ್ಲಿಸಿ ಚಾಲೂ ಮಾಡಬೇಕು. ಅದು ಕಿವಿ ನಿಮಿರಿಸಿದರೆ, ಇಲ್ಲವೇ ಮೆಲುಕು ನಿಲ್ಲಿಸಿದರೆ, ರಿವೆಟ್ಟು ಮತ್ತೆ ಬಿಚ್ಚಬೇಕು. ತನ್ನ ಪಾಡಿಗೆ ಮೆಲುಕು ಹಾಕುತ್ತಿದ್ದರೆ ಗಾಡಿ ಪಾಸು. ಮೂಡಲಗಿಯಿಂದ, ಹುಕ್ಕೇರಿಯಿಂದ, ಯಮಕನಮರಡಿಯಿಂದ ಬಂದ ದೊಡ್ಡ ದೊಡ್ಡ ಮನುಷ್ಯರು ಒಂದು ಎಮ್ಮೆಯ ಮುಖ ನೋಡುತ್ತ ಉಸಿರು ಬಿಗಿಹಿಡಿದು ನಿಲ್ಲುವುದನ್ನು ನಾನು ದಿನವೂ ಕಂಡಿದ್ದೇನೆ. ನನ್ನ ಗಿರಾಕಿಗಳೂ ನನ್ನನ್ನೇ ಕೇಳತೊಡಗಿದರು: "ಎಮ್ಮಿ ಪಾಸ್ ಮಾಡೇತೇನ್ರಿ?"

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ನುಂಗಲಾಗದ್ದು ಇನ್ನೊಂದಿತ್ತು. ನನ್ನ ಅಪ್ಪ ಹೋಗಿ ಅಲ್ಲಿ ಕೂರುತ್ತಿದ್ದ.

ಅಪ್ಪ ನೂಲಿನ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಅವನಿಗೆಂದೇ ನನ್ನ ಗ್ಯಾರೇಜಿನಲ್ಲಿ ಕುಶನ್ ಕುರ್ಚಿ ತಂದಿಟ್ಟಿದ್ದೆ, ಮೇಲೊಂದು ಫ್ಯಾನ್ ಹಾಕಿಸಿದ್ದೆ. ಬೆಳಗ್ಗೆ ನನ್ನ ಜತೆಗೇ ಬರುತ್ತಿದ್ದ. ಮೊದಲನೆಯ ಗಾಡಿಯ ಕೆಲಸ ಹಿಡಿಯುವಷ್ಟರಲ್ಲಿ ಧೋತರ ಎತ್ತಿ ಹಿಡಿದು ರಸ್ತೆ ದಾಟಿ ಹೋಗಿ ಕಾಕಾನ ಕಲ್ಲಿನ ಮೇಲೆ ಕೂತುಬಿಡುತ್ತಿದ್ದ. ಮನೆಯಲ್ಲಿ ಟೀವಿ, ಮಕ್ಕಳ ಗದ್ದಲದ ನಡುವೆ ನಾಲ್ಕು ಮಾತಾಡದವನು ಅಲ್ಲಿ ತೊಡೆ ತಟ್ಟಿ ನಗುತ್ತಿದ್ದ. ಈಚೆ ಬದಿಯಿಂದ ನನಗೆ ಆ ನಗು ಕಾಣುತ್ತಿತ್ತು. ನನ್ನದೇ ಗ್ಯಾರೇಜಿನ ಸದ್ದಿನಲ್ಲಿ ಅದು ಯಾತಕ್ಕೆಂದು ಕೇಳುತ್ತಿರಲಿಲ್ಲ. ಚಹಾ ತರಿಸಿ ಕೂಗಿ ಕರೆದರೆ ಅಪ್ಪ ತಿರುಗಿ ಸಹ ನೋಡುತ್ತಿರಲಿಲ್ಲ. ಬೇಕೆಂದೇ ಕೇಳಿಸದವನಂತೆ ಕೂತಿದ್ದಾನೆ ಎಂದು ನಾನು ಮೈ ಪರಚಿಕೊಳ್ಳುತ್ತಿದ್ದೆ. ಗಿರಾಕಿಗಳನ್ನು ಕಸಿದುಕೊಂಡದ್ದು ಸಾಲದೆ ಹೆತ್ತ ತಂದೆಯನ್ನೂ ಕಸಿದುಕೊಂಡನಲ್ಲ!

ಆ ಉರಿಯಲ್ಲೇ ನಾನೂ ಸದ್ದು ಇಳಿಸುವ ಕೆಲಸಕ್ಕೆ ಇಳಿದೆ. ಸ್ಟೀಲ್ ತಂತಿ ತಂದೆ, ಗಾಜಿನ ಹತ್ತಿ ತಂದೆ. ಎಮ್ಮೆಯೊಂದು ಬೇಕಿತ್ತು. ಮೂಡಲಗಿ ರಸ್ತೆಯಲ್ಲಿ ಮನೆ ಮಾಡಿಕೊಂಡಿದ್ದ ಹೆಂಡತಿಯ ತಮ್ಮನಿಗೆ ನಮ್ಮ ಮಕ್ಕಳಿಗೆ ಹಾಲಿಲ್ಲ ಎಂದು ಸುಳ್ಳು ಹೇಳಿ ಅವನ ಎಮ್ಮೆಯನ್ನು ಹೊಡೆಸಿಕೊಂಡು ಬಂದು, ಗ್ಯಾರೇಜಿನ ಪಕ್ಕದಲ್ಲೇ ಕಾಕಾನಿಗೆ ಕಾಣುವ ಹಾಗೆ ಕಟ್ಟಿದೆ.

ಮೊದಲ ಗಿರಾಕಿ ಹುಕ್ಕೇರಿ ಕಡೆಯ ಒಬ್ಬ ಮಾಸ್ತರರು. ಯಾರೋ ಓಡಿಸಿ ಬಿಟ್ಟ ಬೈಕು ಕೊಂಡಿದ್ದರು, ಸೈಲೆನ್ಸರು ಗುಡುಗುತ್ತಿತ್ತು. ರಸ್ತೆಯ ಆಚೆ ಹೊರಟವರನ್ನು ನಾನೇ ಅಡ್ಡಗಟ್ಟಿ ಕರೆದು ಕೂರಿಸಿದೆ. ಕಾಕಾ ಮಾಡಿದ್ದನ್ನೆಲ್ಲ ಮಾಡಿದೆ, ಕಣ್ಣು ಕೂಡ ಮುಚ್ಚಿದೆ. ಕೊನೆಗೆ ಗಾಡಿಯನ್ನು ಎಮ್ಮೆಯ ಹಿಂದೆ ನಿಲ್ಲಿಸಿ ಚಾಲೂ ಮಾಡಿದೆ. ಎಮ್ಮೆ ಕಿವಿ ಅಲ್ಲಾಡಿಸಲಿಲ್ಲ. ಎಕ್ಸಲೇಟರ್ ಜಗ್ಗಿದೆ. ಮೆಲುಕು ಹಾಕುತ್ತಲೇ ಇತ್ತು. ನನಗೆ ಸದ್ದು ಇನ್ನೂ ಜೋರು ಅನ್ನಿಸಿತು. ಆದರೆ ಎಮ್ಮೆಯೇ ಪಾಸು ಮಾಡಿದ ಮೇಲೆ ನಾನು ಯಾರು? "ಪಾಸ್!" ಎಂದು ರಸ್ತೆಯ ಆಚೆಗೆ ಕೇಳುವಂತೆ ಕೂಗಿದೆ.

ಮಾಸ್ತರರು ಮರುದಿನವೇ ವಾಪಸು ಬಂದರು. ಮುಖ ಕೆಂಪಾಗಿತ್ತು.

"ಏನ್ರಿ, ಪ್ರಾರ್ಥನಾ ನಡದಿತ್ತು, ನಾ ಗೇಟಿನ್ಯಾಗ ಬಂದ್ನಿ. ಹಾಡೂ ಹುಡುಗ್ರೆಲ್ಲಾ ಹಾಡು ಬಿಟ್ಟು ಗೇಟ್ ಕಡಿ ಓಡಿ ಬಂದೂ! ಹೆಡ್ ಮಾಸ್ತರ್ ನನ್ನ ಹೆಂಗ ನೋಡಿದ್ರು ಗೊತ್ತೈತೇನ್ರಿ? ನಿಮ್ಮ ಎಮ್ಮಿ ಏನ್ ಕಿವುಡ ಐತಿ?"

ಗಲಾಟೆ ಕೇಳಿ ಕಾಕಾ ರಸ್ತೆ ದಾಟಿ ಬಂದ. ಗಾಡಿ ನೋಡಲಿಲ್ಲ. ನೇರ ಎಮ್ಮೆಯ ಬಳಿ ಹೋಗಿ ಅದರ ಕಿವಿಯ ಹತ್ತಿರ ಚಪ್ಪಾಳೆ ಹೊಡೆದ. ಎಮ್ಮೆ ಮೆಲುಕು ಹಾಕುತ್ತಿತ್ತು.

"ಇದು ಎಲ್ಲೀ ಎಮ್ಮಿ, ತಮ್ಮಾ?"

"ನಮ್ಮ ಹೆಂಡ್ತಿ ತಮ್ಮಂದ್ರಿ. ಮೂಡಲಗಿ ರಸ್ತಾದಾಗ ಮನಿ."

"ಕಬ್ಬಿನ ಟ್ರ್ಯಾಕ್ಟರ್ ಹೋಗೂ ರಸ್ತಾ ಅಲ್ಲೇನು?"

"ಹೂಂ."

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಟ್ರ್ಯಾಕ್ಟರಿನ ಟೇಪ್ ಡೆಕ್ಕಿನ ದೊಡ್ಡ ಸಪ್ಪಳದ ಹಾಡು ಕೇಳಿ ಕೇಳಿ ಬೆಳದದ್ದು ಇದು! ಇದರ ಮುಂದ ಬಾಂಬ್ ಹಾರಿಸಿದ್ರೂ ಮೆಲುಕು ಬಿಡೂದಿಲ್ಲ!" ಸಿಟ್ಟಿನಲ್ಲಿ ಬಂದಿದ್ದ ಮಾಸ್ತರರೂ ನಕ್ಕುಬಿಟ್ಟರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಕ್ಕು ಮುಗಿಸಿ ಕಾಕಾ ಎಮ್ಮೆಯ ಕೊರಳು ಸವರಿದ. "ಪಾಪ, ನಿಮ್ಮಪ್ಪನ ಹಂಗ ಆಗೇತಿ ಇದರ ಗತಿ," ಎಂದ, ಅದೇ ಉಸಿರಿನಲ್ಲಿ.

"ಅಪ್ಪನ ಹಂಗ ಅಂದ್ರ?"

ಅವನು ನನ್ನ ಮುಖ ನೋಡಿದ. ನನಗೆ ಗೊತ್ತಿಲ್ಲವೆಂಬುದು ಅವನಿಗೆ ಆಗಲೇ ಗೊತ್ತಾದಂತಿತ್ತು.

"ಗಿರಣಿ ಸಪ್ಪಳದಾಗ ಅವರ ಕಿವಿ ಅರ್ಧ ಹೋಗ್ಯಾವ ತಮ್ಮಾ. ಶಾಂತ ಇದ್ದಲ್ಲೆ ಚೊಲೋ ಕೇಳ್ತಾವ, ಸಪ್ಪಳದಾಗ ಒಂದ್ ಅಕ್ಷರ ಕೇಳೂದಿಲ್ಲ. ನನ್ನ ಕಡಿ ಯಾಕ ಬಂದು ಕುಂದರ್ತಾರಂತ ತಿಳಿದಿ? ನಾ ಏನ್ ಅವರಿಗೆ ಕರದಂಟು ತಿನಸ್ತೇನೇನು? ಅಲ್ಲೆ ಮಂದಿ ಮಾತು ಕೇಳಸ್ತಾವಂತ. ಮಗನ ಕಡಿ ಕುಂತ್ರ ಮಗನ ಮಾತೂ ಕೇಳೂದಿಲ್ಲಂತ ಅಂತಿರ್ತಾರ."

ಒಂದೇ ಮನೆಯಲ್ಲಿ ಉಣ್ಣುವ ನನಗೆ ಗೊತ್ತಿಲ್ಲದ್ದು ರಸ್ತೆಯಾಚೆಯವನಿಗೆ ಗೊತ್ತಿತ್ತು. ಅಂದು ಆದ ಹೊಟ್ಟೆಕಿಚ್ಚಿನ ಮುಂದೆ ಗಿರಾಕಿಗಳದ್ದೆಲ್ಲ ಏನೂ ಅಲ್ಲ. ಅಪ್ಪ ನನಗೆ ಹೇಳದೆ ಅವನಿಗೆ ಹೇಳಿದ್ದ. ಹೇಳಬೇಕೆಂದರೂ ನನ್ನ ಆ ಸದ್ದಿನಲ್ಲಿ ಹೇಗೆ ಹೇಳಿಯಾನು ಎಂಬುದು ಆಮೇಲೆ ಹೊಳೆಯಿತು.

ಕಾಕಾ ಅಲ್ಲೇ ಕುಕ್ಕರಗಾಲಲ್ಲಿ ಕೂತು, ನನ್ನ ಪಾನಾ ಹಿಡಿದು, ಮಾಸ್ತರರ ಗಾಡಿಯ ರಿವೆಟ್ಟು ಬಿಚ್ಚಿದ. "ಹತ್ತಿ ಒಂದ್ ಕಡಿ ದಪ್ಪ, ಒಂದ್ ಕಡಿ ತೆಳ್ಳಗ ಸುತ್ತೀ. ಹೊಟ್ಟಿ ಉರಕೊಂತ ಸುತ್ತಿದ್ರ ಹಿಂಗ ಆಗತೈತಿ," ಎಂದ. ನನ್ನ ಹೊಟ್ಟೆಯ ಸಂಗತಿ ಅವನಿಗೆ ಮೊದಲಿನಿಂದ ಗೊತ್ತಿತ್ತೆಂದು ಆಗ ತಿಳಿಯಿತು. ಮತ್ತೆ ಸುತ್ತಿ ತೋರಿಸಿದ. ನನ್ನ ಕೈಯಿಂದ ಸುತ್ತಿಸಿದ, ಬೈದ, ಬಿಚ್ಚಿಸಿದ, ಪುನಃ ಸುತ್ತಿಸಿದ. ಅಂದಿನಿಂದ ಬಿಡುವಾದಾಗಲೆಲ್ಲ ನಾನು ಅವನ ಚಪ್ಪರದ ಕೆಳಗೆ ಕೂತು ಕಲಿತೆ. ಸ್ಪೋಕೊಂದನ್ನು ಬಾಗಿಸಿ ಕೊಟ್ಟ. ನನ್ನ ಕಿವಿಯ ಮೇಲೆ ಅದು ನಿಲ್ಲುತ್ತಿರಲಿಲ್ಲ, ಬಗ್ಗಿದರೆ ಜಾರಿ ಬೀಳುತ್ತಿತ್ತು. ಅದನ್ನು ನೋಡಿ ಅಪ್ಪ ಮತ್ತು ಅವನು ಕೂಡಿ ನಗುತ್ತಿದ್ದರು. ಕಪಾಟಿನ ಗುಡುಗುವ ಸೈಲೆನ್ಸರುಗಳನ್ನು ನಾನು ಮತ್ತೆ ತರಿಸಲಿಲ್ಲ. ಕಿವುಡೆಮ್ಮೆಯನ್ನು ಹೆಂಡತಿಯ ತಮ್ಮನಿಗೆ ಮರಳಿಸಿದೆ.

ಗಾಜಿನ ಹತ್ತಿ ಸುತ್ತುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ನನಗೆ ಬೈಯುತ್ತಿದ್ದವನು ತಾನು ಒಮ್ಮೆಯೂ ಕಟ್ಟಿಕೊಂಡವನಲ್ಲ. ಕೆಮ್ಮು ಹಿಡಿಯಿತು, ಆಮೇಲೆ ಉಸಿರಾಡಲು ಕಷ್ಟವಾಯಿತು. ಬೆಳಗಾವಿಯ ಆಸ್ಪತ್ರೆಗೆ ಹೋದವನು ಜೀವಂತ ಮರಳಲಿಲ್ಲ.

ಮಣ್ಣಿಗೆ ಒಯ್ಯುವಾಗ ಹಿಂದೆ ರಸ್ತೆ ತುಂಬ ಬೈಕುಗಳು. ಮೂಡಲಗಿಯವು, ಹುಕ್ಕೇರಿಯವು, ಯಮಕನಮರಡಿಯವು, ಎಲ್ಲವೂ ಅವನ ಎಮ್ಮೆ ಪಾಸು ಮಾಡಿದವು. ಅಷ್ಟು ಗಾಡಿಗಳು ಒಟ್ಟಿಗೆ ಸಾಗುತ್ತಿದ್ದರೂ ಮುಂದೆ ಭಜನೆಯವರ ತಾಳ ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಅಳುತ್ತಿದ್ದೆ, ನಿಜ. ಅಳುತ್ತಲೇ, ನಾಳೆ ನಾನು ಸತ್ತರೆ ಇಷ್ಟು ಗಾಡಿ ಬಂದಾವೇ ಎಂದು ಲೆಕ್ಕ ಹಾಕುತ್ತಿದ್ದೆ.

ಕೆಲವು ದಿನ ಕಳೆದ ಮೇಲೆ ಅವನ ಹೆಂಡತಿ, ನಾವು ಕಾಕಿ ಎನ್ನುವವರು, ಎಮ್ಮೆಯ ಹಗ್ಗ ಹಿಡಿದುಕೊಂಡು ರಸ್ತೆ ದಾಟಿ ಬಂದರು.

"ಅಂಗಡಿ ಮುಚ್ಚಿದಾಗಿಂದ ಇದು ಮೇವು ಮುಟ್ಟವಲ್ದು, ತಮ್ಮಾ. ಹಗಲೆಲ್ಲ ನಿಮ್ಮ ಕಡಿ ಕಟ್ಟಕೋರಿ, ಸಂಜೀಕ ಹೊಡಕೊಂಡು ಹೋಗ್ತೇನಿ. ಹಾಲು ನಮಗ, ಪಾಸು ನಿಮಗ."

ಈಗ ಆ ಎಮ್ಮೆ ನನ್ನ ಗ್ಯಾರೇಜಿನ ಪಕ್ಕದಲ್ಲಿದೆ. ಅಪ್ಪನೂ ನನ್ನಲ್ಲೇ ಕೂರುತ್ತಾನೆ, ಅದೇ ಕುಶನ್ ಕುರ್ಚಿಯಲ್ಲಿ. ನಿನ್ನೆ ಮಧ್ಯಾಹ್ನ ಧುಪದಾಳದವನೊಬ್ಬನ ಗಾಡಿಯ ಕೆಲಸ ಮುಗಿಸಿ ಚಾಲೂ ಮಾಡಿದೆ. ಎಮ್ಮೆ ಕಿವಿ ನಿಮಿರಿಸಲಿಲ್ಲ, ಮೆಲುಕು ನಿಲ್ಲಿಸಲಿಲ್ಲ. ಗಾಡಿಯವನು ಕಿಸೆಗೆ ಕೈ ಹಾಕಿದ. ನಾನು ಗಾಡಿ ನಿಲ್ಲಿಸದೆಯೇ, ದನಿ ಏರಿಸದೆ ಕೇಳಿದೆ:

"ಚಾ ತರಸ್ಲೇನ ಅಪ್ಪಾ?"

"ಹೂಂ, ಸುಂಠಿ ಹಾಕಾಕ ಹೇಳು," ಎಂದ ಅಪ್ಪ.

ನನ್ನ ಗ್ಯಾರೇಜಿನಲ್ಲಿ, ಗಾಡಿ ಚಾಲೂ ಇರುವಾಗಲೇ, ನನ್ನ ಅಪ್ಪನಿಗೆ ನನ್ನ ಮಾತು ಕೇಳಿಸಿತ್ತು. ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲು ನಾನು ಸೈಲೆನ್ಸರಿನ ಕಡೆ ಬಗ್ಗಿದೆ. ಅಪ್ಪ ತಲೆ ವಾರೆ ಮಾಡಿ ಇನ್ನಷ್ಟು ಹೊತ್ತು ಆ ಸದ್ದನ್ನು ಆಲಿಸಿದ.

"ಚೊಲೋ ಆಗೇತಿ," ಎಂದ. "ಅವ ಇದ್ದಿದ್ರ ಇನ್ನೊಂದ್ ಜರಾ ಇಳಿಸ್ತಿದ್ದ."

ನಾನು ಗಾಡಿ ಬಂದ್ ಮಾಡಿ ರಿವೆಟ್ಟು ಮತ್ತೆ ಬಿಚ್ಚಿದೆ.